ಎಂಟು ತಿಂಗಳ ಕೂಸಿನ ಜೊತೆ ಬೆಂಗ್ರೆಯಲ್ಲಿ ಒಂದು ರಾತ್ರಿ

ಮಂಗಳೂರಿನ ಹಳೆ ಬಂದರಿನಿಂದ ಬೆಂಗ್ರೆಗೆ ದೋಣಿಯಲ್ಲಿ ಹೋಗಲು ಹತ್ತು ನಿಮಿಷ ಸಾಕು. ಈಚೆ ದಡದಲ್ಲಿ ಬಂದರು ಪೇಟೆ, ಮೀನಿನ ದಕ್ಕೆ, ಲಕ್ಷದ್ವೀಪಕ್ಕೆ ಸಾಮಾನು ಹೊತ್ತು ಹೋಗುವ ಮಂಜಿಗಳು. ಆಚೆ ದಡದಲ್ಲಿ ಮರಳು, ತೆಂಗು, ಗಾಳಿಮರ. ಗುರುಪುರ ಹೊಳೆಯೆಂದೂ ಫಲ್ಗುಣಿಯೆಂದೂ ಕರೆಸಿಕೊಳ್ಳುವ ನದಿ ಇಲ್ಲಿ ಕಡಲನ್ನು ಕಂಡ ಕೂಡಲೇ ಅದಕ್ಕೆ ಸೇರುವುದಿಲ್ಲ. ಸ್ವಲ್ಪ ದೂರ ಕಡಲಿನ ಪಕ್ಕದಲ್ಲೇ ದಕ್ಷಿಣಕ್ಕೆ ಹರಿದು, ನೇತ್ರಾವತಿ ಬರುವ ತನಕ ಕಾದು, ಇಬ್ಬರೂ ಒಟ್ಟಿಗೆ ಅಳಿವೆ ಬಾಗಿಲಿನಲ್ಲಿ ಒಳಗೆ ಹೋಗುತ್ತಾರೆ. ಹೊಳೆಗೂ ಕಡಲಿಗೂ ನಡುವೆ ಉಳಿದ ಮರಳಿನ ಪಟ್ಟಿಯೇ ತಣ್ಣೀರುಬಾವಿ ಮತ್ತು ಬೆಂಗ್ರೆ. ಮಕ್ಕಳೇ, ನಕ್ಷೆ ಬಿಡಿಸಿ ನೋಡಿ, ಆನೆಯ ಸೊಂಡಿಲು ಕೆಳಗಿಳಿದ ಹಾಗೆ ಕಾಣಿಸುತ್ತದೆ.

ಕಳೆದ ಡಿಸೆಂಬರ್ ರಜೆಯಲ್ಲಿ ನಾವು ಆರು ಜನ ಆ ಸೊಂಡಿಲಿನ ಮೇಲೆ ಡೇರೆ ಹಾಕಿ ಒಂದು ರಾತ್ರಿ ಮಲಗಿ ಬಂದೆವು. ಇಬ್ಬರು ಅಜ್ಜ ಅಜ್ಜಿ, ಇಬ್ಬರು ಬೆಂಗಳೂರಿನಿಂದ ಬಂದ ಮಗಳು ಅಳಿಯ. ಉಳಿದ ಇಬ್ಬರಲ್ಲಿ ದೊಡ್ಡವಳಿಗೆ ಮೂರೂವರೆ ವರ್ಷ, ಸಣ್ಣವನಿಗೆ ಎಂಟು ತಿಂಗಳು. ಸುದ್ದಿ ಕೇಳಿದ ನೆರೆಕರೆಯವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: “ಅಷ್ಟು ಸಣ್ಣ ಕೂಸನ್ನು ಕಟ್ಟಿಕೊಂಡು ಎಂತಕ್ಕೆ ಮಾರಾಯ್ರೆ?” ಎಂತಕ್ಕೆ ಎಂಬುದಕ್ಕಿಂತ ಹೇಗೆ ಎಂಬುದು ದೊಡ್ಡ ಪ್ರಶ್ನೆ ಅಂತ ನನ್ನ ಲೆಕ್ಕ. ಏನೇನು ಕೊಂಡುಹೋಗಬೇಕು, ಏನೇನು ಬಿಟ್ಟು ಹೋಗಬೇಕು ಅನ್ನುವುದು ಸರಿಯಾದರೆ ಉಳಿದದ್ದು ತನ್ನಿಂದ ತಾನೇ ಸರಿಯಾಗುತ್ತದೆ.

ಅಳಿಯನ ಮನಸ್ಸಿನಲ್ಲಿದ್ದದ್ದು ಆಗುಂಬೆ, ಕುದುರೆಮುಖದ ಕಡೆಯ ಕಾಡು. ದೊಡ್ಡ ಮಕ್ಕಳಾದರೆ ನಾನೂ ಹೂಂ ಅನ್ನುತ್ತಿದ್ದೆ. ಕೂಸಿನ ಮೊದಲ ರಾತ್ರಿ ಮಾತ್ರ ನಡುರಾತ್ರಿ ಬೇಕಾದರೂ ಮನೆಗೆ ಹಿಂತಿರುಗುವಷ್ಟು ಹತ್ತಿರ ಇರಬೇಕು, ಮಕ್ಕಳ ವೈದ್ಯರು ಕೈಗೆಟಕುವಷ್ಟು ದೂರದಲ್ಲಿ ಇರಬೇಕು. ಬೆಂಗ್ರೆಯಿಂದ ರಾತ್ರಿ ದೋಣಿ ಸಿಗದಿದ್ದರೂ ತಣ್ಣೀರುಬಾವಿಯ ಮೇಲಿನಿಂದ ಕೂಳೂರು ಸೇತುವೆಗೆ ರಸ್ತೆ ಉಂಟು. ಅಲ್ಲಿಂದ ಹಂಪನಕಟ್ಟೆ, 1848ರಿಂದ ಊರಿನ ರೋಗಿಗಳನ್ನು ನೋಡಿಕೊಂಡು ಬಂದ ವೆನ್ಲಾಕ್ ಆಸ್ಪತ್ರೆ. ರಾತ್ರಿ ಹೊತ್ತು ವಾಹನಗಳು ಕಡಿಮೆ, ಮುಕ್ಕಾಲು ಗಂಟೆಯೊಳಗೆ ಮುಟ್ಟಬಹುದು. ಇಷ್ಟು ಹೇಳಿದ ಮೇಲೆ ಅಳಿಯ ಒಪ್ಪಿದ. ಬೆಂಗ್ರೆಯಲ್ಲಿ ನನ್ನ ಹಳೆಯ ಗೆಳೆಯರೊಬ್ಬರಿದ್ದಾರೆ, ಒಂದು ಕಾಲದಲ್ಲಿ ಬೋಟಿನ ತಂಡೇಲರು. ಅವರ ಮನೆಯ ಹಿಂದಿನ ಹಿತ್ತಿಲೇ ನಮ್ಮ ಕಾಡು. ಕಡಲಬದಿಯಲ್ಲಿ ಸಿಕ್ಕಲ್ಲೆಲ್ಲ ಡೇರೆ ಹೊಡೆಯಬಾರದು. ಜಾಗದವರ ಒಪ್ಪಿಗೆ ಬೇಕು, ರಾತ್ರಿ ಬಾಗಿಲು ತಟ್ಟಲು ಒಂದು ಮನೆ, ಒಂದು ಬಾವಿ, ಒಂದು ಕಕ್ಕಸು ಹತ್ತಿರ ಇದ್ದರೆ ಒಳ್ಳೆಯದು.

ಮಗಳು ಮೊಬೈಲಿನಲ್ಲಿ ಒಂದು ಪಟ್ಟಿ ಮಾಡಿಕೊಂಡು ಬಂದಿದ್ದಳು. ಓದಿ ಹೇಳು ಅಂದೆ. ನಲವತ್ತೊಂದು ಸಾಮಾನು! ಮಡಚುವ ತೊಟ್ಟಿಲು, ಮಡಚುವ ಸ್ನಾನದ ತೊಟ್ಟಿ, ಮಡಚುವ ಊಟದ ಕುರ್ಚಿ, ಬಾಟಲಿ ಬಿಸಿ ಮಾಡುವ ಯಂತ್ರ, ಕೂಸು ಅತ್ತರೆ ತಾನೇ ಹಾಡುವ ಒಂದು ಗೊಂಬೆ. ಜೀವಮಾನವೆಲ್ಲ ಎರಡು ಕಾಲಂ ಬರೆದ ಕೈ, ಸುಮ್ಮನಿರುತ್ತದೆಯೇ? ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎಡಕ್ಕೆ ‘ಬೇಕು’, ಬಲಕ್ಕೆ ‘ಉಂಟು’ ಎಂದು ಬರೆದೆ. ಎಡದ ಕಾಲಮಿನಲ್ಲಿ ಕೊನೆಗೆ ಉಳಿದದ್ದು ಹನ್ನೊಂದು. ಅದರಲ್ಲಿ ಮುಕ್ಕಾಲು ಪಾಲು ಸಿಕ್ಕಿದ್ದು ಬಂದರು ಪೇಟೆಯಲ್ಲೇ.

ಮಂಗಳೂರು ಸರಕು ಹೊತ್ತು ತಿರುಗುವವರ ಊರು. ಮೀನುಗಾರರು, ಯಕ್ಷಗಾನದ ಮೇಳದವರು, ಮಂಜಿಯವರು ಎಲ್ಲರೂ ಮನೆಯ ಹೊರಗೆ ಮಲಗಿ ಗೊತ್ತಿರುವವರೇ. ಹೀಗಾಗಿ ಬಂದರಿನ ಅಂಗಡಿಗಳಲ್ಲಿ ಹಗ್ಗ, ಟರ್ಪಾಲು, ಲಾಟೀನು, ನೀರಿನ ಕ್ಯಾನು, ಬಲೆ, ಕೊಕ್ಕೆ ಯಾವುದಕ್ಕೂ ಬರ ಇಲ್ಲ. ಈಗ ಅಂಗಡಿಗಳಲ್ಲಿ ‘ಕ್ಯಾಂಪಿಂಗ್’ ಅಂತ ಮಾರುವ ಕಾಕಿ ಬಣ್ಣಕ್ಕೂ ನಮ್ಮೂರಿಗೂ ನಂಟುಂಟು. ಬಾಸೆಲ್ ಮಿಷನ್ನಿನವರು ಬಲ್ಮಠದಲ್ಲಿ ನಡೆಸುತ್ತಿದ್ದ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಎಂಬಾತ 1850ರ ದಶಕದ ಆರಂಭದಲ್ಲೇ ಕಾಕಿ ಬಟ್ಟೆಗೆ ಬಣ್ಣ ಕಟ್ಟಿದ್ದ. ಮಣ್ಣು ಹತ್ತಿದರೂ ಗೊತ್ತಾಗದ ಬಟ್ಟೆ. ಆದರೆ ಸಣ್ಣ ಮಕ್ಕಳಿಗೆ ಹೊರಗೆ ಹೋಗುವಾಗ ಕಾಕಿ, ಹಸಿರು ಹಾಕಲೇಬಾರದು ಎಂಬುದು ನನ್ನ ಹಠ. ಮೊಮ್ಮಗಳಿಗೆ ಕುಂಕುಮದಂಥ ಕೆಂಪು ಅಂಗಿ ಹಾಕಿಸಿದೆ. ನೂರು ಗಜ ದೂರದಿಂದಲೂ ಕಾಣಬೇಕು.

ಟರ್ಪಾಲಿನ ಅಂಗಡಿಯವರು, “ಎಷ್ಟು ಉದ್ದ ಬೇಕಿತ್ತು ಸಾರ್?” ಎಂದಾಗ ಅಳಿಯ ದೊಡ್ಡದನ್ನೇ ತೋರಿಸಿದ. ಅಂಗಡಿಯವರೇ ತಡೆದರು. ಡೇರೆಯ ಅಡಿಗೆ ಹಾಸುವ ಟರ್ಪಾಲು ಡೇರೆಗಿಂತ ಹೊರಗೆ ಚಾಚಿಕೊಂಡಿದ್ದರೆ ಮಳೆಯೋ ಇಬ್ಬನಿಯೋ ಅದರ ಮೇಲೆ ಬಿದ್ದು ನೇರ ಅಡಿಗೆ ಹರಿಯುತ್ತದೆ. ನಾಲ್ಕೂ ಬದಿಯಲ್ಲಿ ಒಂದು ಗೇಣು ಒಳಗೇ ಇರಬೇಕು. ಅದರ ಮೇಲೆ ಡೇರೆ, ಡೇರೆಯ ಒಳಗೆ ಮುಂಡೇವಿನ ಓಲೆಯ ಚಾಪೆ. ಮಗಳ ಪಟ್ಟಿಯಲ್ಲಿದ್ದದ್ದು ಗಾಳಿ ತುಂಬುವ ಹಾಸಿಗೆ. ಎಂಟು ತಿಂಗಳ ಕೂಸು ಅಂಥ ಮೆತ್ತನೆಯ ಹಾಸಿಗೆಯಲ್ಲಿ ಮಗುಚಿ ಬಿದ್ದರೆ ಮುಖ ಹುದುಗಿ ಉಸಿರು ಕಟ್ಟುವ ಅಪಾಯ ಉಂಟು. ಮಕ್ಕಳ ವೈದ್ಯರೂ ಹೇಳುವುದು ಅದನ್ನೇ: ಸಮತಟ್ಟಾದ ಗಟ್ಟಿ ಜಾಗ, ಬೆನ್ನ ಮೇಲೆ ಮಲಗಿಸುವುದು, ತಲೆದಿಂಬು ಬೇಡ, ಮುಖದ ಹತ್ತಿರ ಸಡಿಲ ಬಟ್ಟೆ ಬೇಡ. ಚಾಪೆ, ಅದರ ಮೇಲೆ ನಾಲ್ಕು ಮಡಿಕೆಯ ಹಳೆ ಹತ್ತಿ ಸೀರೆ ಬಿಗಿಯಾಗಿ ಹಾಸಿದ್ದು, ಇಷ್ಟೇ.

ಹಳೆ ಸೀರೆ, ಹಳೆ ಬೈರಾಸು ಎಂದರೆ ಹೊಸ ಕಾಲದವರು ಮೂಗು ಮುರಿಯುತ್ತಾರೆ. ಆದರೆ ಮನೆಯ ಹೊರಗೆ ಮಲಗಿದ ಕೂಸಿಗೆ ಅದಕ್ಕಿಂತ ದೊಡ್ಡ ಸಾಮಾನು ಇಲ್ಲ. ಹೊಸ ಜಾಗದಲ್ಲಿ ಕಣ್ಣಿಗೆ ಗುರುತಿನದು ಏನೂ ಇರುವುದಿಲ್ಲ, ಮೂಗಿಗೆ ಮಾತ್ರ ಅಮ್ಮನ ಸೀರೆಯ ವಾಸನೆ ಗೊತ್ತು. ಹಾಗಾಗಿ ಹೊರಡುವ ಮುಂಚೆ ಅದನ್ನು ಒಗೆಯಬೇಡ ಎಂದು ನನ್ನ ಹೆಂಡತಿ ಮಗಳಿಗೆ ಕಟ್ಟುನಿಟ್ಟಾಗಿ ಹೇಳಿದ್ದಳು.

ಅವಳಿಗೆ ಅದು ಗೊತ್ತಿದ್ದದ್ದು ಆಟದ ಡೇರೆಗಳಿಂದ. ಈಗಿನ ಮಕ್ಕಳು ಕ್ಯಾಂಪಿಂಗ್ ಎಂದರೆ ಹೊಸತು ಅಂದುಕೊಂಡಿದ್ದಾರೆ. ನಾವು ಸಣ್ಣವರಿದ್ದಾಗ ವರ್ಷಕ್ಕೆ ಹತ್ತು ರಾತ್ರಿಯಾದರೂ ಹೊರಗೆ ಮಲಗುತ್ತಿದ್ದೆವು, ಯಕ್ಷಗಾನದ ದಯೆಯಿಂದ. ದೀಪಾವಳಿ ಕಳೆದು ಮೇಳಗಳು ಹೊರಟರೆ ಪತ್ತನಾಜೆಯವರೆಗೆ ಎಲ್ಲಾದರೂ ಒಂದು ಕಡೆ ಆಟ. ಟಿಕೆಟಿನ ಡೇರೆ ಮೇಳಗಳು ಊರಿಗೆ ಬಂದರೆ ಮನೆ ಮಂದಿಯೆಲ್ಲ ಹೊರಡುತ್ತಿದ್ದರು. ಒಬ್ಬರ ಕಂಕುಳಲ್ಲಿ ಚಾಪೆ, ಒಬ್ಬರ ಸೊಂಟದಲ್ಲಿ ಕೂಸು, ಹಿರಿಯರ ಕೈಯಲ್ಲಿ ತೆಂಗಿನ ಗರಿಯ ಸೂಟೆ. ಚೀಲದಲ್ಲಿ ಅವಲಕ್ಕಿ, ಒಂದು ತಂಬಿಗೆ ನೀರು, ಕೂಸಿಗೆ ಎರಡು ಒಣ ಬಟ್ಟೆ. ಕೂಸು ಚೆಂಡೆಯ ಸದ್ದಿಗೆ ಒಮ್ಮೆ ಬೆಚ್ಚಿ, ಆಮೇಲೆ ಅಮ್ಮನ ಸೆರಗಿನೊಳಗೆ ನಿದ್ದೆ ಹೋಗುತ್ತಿತ್ತು. ನಾವು ಮಹಿಷಾಸುರ ಬರುವವರೆಗೆ ಎಚ್ಚರ ಇದ್ದು, ಅವನು ಬಂದ ಕೂಡಲೇ ಹೆದರಿ ಕಣ್ಣು ಮುಚ್ಚಿ, ಬೆಳಗ್ಗೆ ಯಾರದೋ ಹೆಗಲ ಮೇಲೆ ಎಚ್ಚರಾಗುತ್ತಿದ್ದೆವು. ನಿಮ್ಮ ಅಜ್ಜ ಅಜ್ಜಿ ಕರಾವಳಿಯವರಾದರೆ ಕೇಳಿ ನೋಡಿ, ಇಂಥದೊಂದು ರಾತ್ರಿ ಅವರಲ್ಲೂ ಇರುತ್ತದೆ.

ಆ ಕಾಲವೇ ಚಂದ ಎಂದು ಹೇಳಿ ಮುಗಿಸಲು ನನಗೆ ಮನಸ್ಸಾಗುವುದಿಲ್ಲ. ನನಗೊಬ್ಬ ತಮ್ಮ ಇದ್ದ. ಒಂಬತ್ತು ತಿಂಗಳಿನವನಿದ್ದಾಗ ಜಾತ್ರೆಯಿಂದ ಬಂದ ಹದಿನೈದು ದಿನಕ್ಕೆ ಚಳಿಜ್ವರ ಹಿಡಿಯಿತು. ಮೂರನೆಯ ಸಲ ಜ್ವರ ಏರಿದ್ದು ಇಳಿಯಲಿಲ್ಲ. ನನಗಾಗ ಆರು ವರ್ಷ. ಜಾತ್ರೆಯಲ್ಲಿ ಕಚ್ಚಿದ ಸೊಳ್ಳೆಯೋ, ಮನೆಯ ಹಿಂದಿನ ತೋಡಿನದೋ ಯಾರಿಗೆ ಗೊತ್ತು? ಅಮ್ಮ ಆಮೇಲೆ ಜಾತ್ರೆಗೆ, ಆಟಕ್ಕೆ ಹೋಗುವುದನ್ನು ಬಿಡಲಿಲ್ಲ. ಆದರೆ ಎಲ್ಲಿಗೆ ಹೋದರೂ ಅಪ್ಪನ ತೆಳು ಮುಂಡನ್ನು ಎರಡು ಕೋಲಿನ ಮೇಲೆ ಗೂಡಿನ ಹಾಗೆ ಇಳಿಬಿಟ್ಟು ಅದರೊಳಗೆ ಮಕ್ಕಳನ್ನು ಮಲಗಿಸುತ್ತಿದ್ದಳು. ಪಕ್ಕದವರು ನಗುತ್ತಿದ್ದರು. ಅವಳು ತಿರುಗಿಯೂ ನೋಡುತ್ತಿರಲಿಲ್ಲ.

ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ಮೊದಲ ಸಾಲು ಸೊಳ್ಳೆಪರದೆ. ಮಂಗಳೂರಿನವರಿಗೆ ಇದರ ಪಾಠ ಯಾರೂ ಹೇಳಬೇಕಾಗಿಲ್ಲ. 1990ರ ದಶಕದಿಂದ ಊರಿನಲ್ಲಿ ಕಟ್ಟಡಗಳು ಏಳುತ್ತ ಹೋದಂತೆ ಕಾಂಕ್ರೀಟಿಗೆ ಕಟ್ಟಿ ನಿಲ್ಲಿಸಿದ ನೀರು, ತೆರೆದ ಟ್ಯಾಂಕು, ಬಾವಿಗಳಲ್ಲಿ ಅನಾಫಿಲಿಸ್ ಸೊಳ್ಳೆ ಹೆಚ್ಚಿ, ಕರ್ನಾಟಕದ ಮಲೇರಿಯಾದಲ್ಲಿ ದೊಡ್ಡ ಪಾಲು ಎಷ್ಟೋ ವರ್ಷ ನಮ್ಮೂರಿನದೇ ಆಗಿತ್ತು. ಈಗ ಬಹಳ ಇಳಿದಿದೆ, ಆದರೆ 2019ರ ಮಳೆಗಾಲದಲ್ಲಿ ಡೆಂಗಿ ಬಂದು ಹೆದರಿಸಿತು. ಮಲೇರಿಯಾದ ಸೊಳ್ಳೆ ಕಚ್ಚುವುದು ರಾತ್ರಿ, ಡೆಂಗಿಯದು ಹಗಲು. ಅಂದರೆ ಕೂಸು ಮಧ್ಯಾಹ್ನ ಮಲಗಿದರೂ ಪರದೆ ಬೇಕು. ಕೊಡೆಯ ಹಾಗೆ ಬಿಚ್ಚುವ ಪುಟ್ಟ ಸೊಳ್ಳೆಪರದೆಗಳು ಈಗ ಎಲ್ಲ ಕಡೆ ಸಿಗುತ್ತವೆ. ಒಂದು ಕೂಸಿಗೆ, ಇನ್ನೊಂದು ಹರಿದರೆ ಇರಲಿ ಎಂದು ಎರಡು ತೆಗೆದುಕೊಂಡೆ. ಮಗಳು ನಕ್ಕಳು. ನಾನೂ ತಿರುಗಿ ನೋಡಲಿಲ್ಲ.

ಮುಲಾಮಿನ ವಿಷಯ ವೈದ್ಯರಲ್ಲಿ ಕೇಳಿದೆವು. ಸೊಳ್ಳೆ ದೂರ ಇಡುವ ಮುಲಾಮನ್ನು ಎರಡು ತಿಂಗಳೊಳಗಿನ ಕೂಸಿಗೆ ಹಚ್ಚಲೇಬಾರದು. ಆಮೇಲೂ ದೊಡ್ಡವರು ತಮ್ಮ ಅಂಗೈಗೆ ಹಾಕಿಕೊಂಡು ತೆಳ್ಳಗೆ ಹಚ್ಚಬೇಕು, ಕೂಸಿನ ಕೈಗೆ ಬೇಡ, ಏಕೆಂದರೆ ಕೈ ಬಾಯಿಗೆ ಹೋಗುತ್ತದೆ. ಡೇರೆಯೊಳಗೆ ಕಾಯಿಲ್ ಹಚ್ಚುವುದಂತೂ ಬೇಡವೇ ಬೇಡ. ಬೆಂಕಿಯ ಭಯ ಒಂದು, ಮುಚ್ಚಿದ ಜಾಗದಲ್ಲಿ ಹೊಗೆಯ ಭಯ ಇನ್ನೊಂದು. ಸ್ಟೌವು, ಕೆಂಡ, ಮೇಣದ ಬತ್ತಿ ಎಲ್ಲಕ್ಕೂ ಇದೇ ಕಾನೂನು. ಚಳಿಯೆಂದು ಕೆಂಡದ ಬಟ್ಟಲನ್ನು ಡೇರೆಯೊಳಗೆ ಇಟ್ಟುಕೊಂಡು ಮಲಗಿದವರು ವಾಸನೆ ಬಣ್ಣ ಇಲ್ಲದ ವಿಷಗಾಳಿಗೆ ಬೆಳಗ್ಗೆ ಏಳದೇ ಹೋದದ್ದುಂಟು.

ಹೊರಡುವ ದಿನ ನಾವು ಎರಡು ದಾರಿ ಹಿಡಿದೆವು. ಸಾಮಾನು ಮತ್ತು ಕೂಸು ಕಾರಿನಲ್ಲಿ ಕೂಳೂರಿನ ಮೇಲೆ. ನಾನು, ಹೆಂಡತಿ, ಮೊಮ್ಮಗಳು ದೋಣಿಯಲ್ಲಿ. ಕಾರಿನಲ್ಲಿ ಕೂಸಿಗೆ ಕಟ್ಟುವ ಕುರ್ಚಿ ಮಗಳ ಪಟ್ಟಿಯ ಅತ್ಯಂತ ದುಬಾರಿ ಸಾಮಾನು. ಅದಕ್ಕೆ ಮಾತ್ರ ನಾನು ಕೈ ಹಾಕಲಿಲ್ಲ. ಕೂಸಿನ ಮೈಗೆ ಹೋಲಿಸಿದರೆ ತಲೆ ಬಹಳ ಭಾರ. ಕಾರು ಗಕ್ಕನೆ ನಿಂತರೆ ತಲೆ ಮುಂದಕ್ಕೆ ಎಗರುತ್ತದೆ, ಕುತ್ತಿಗೆ ತಾಳುವುದಿಲ್ಲ. ಹಿಂದಿನ ಸೀಟಿನಲ್ಲಿ ಹಿಮ್ಮುಖವಾಗಿ ಕೂರಿಸಿದರೆ ಇಡೀ ಬೆನ್ನು ಆ ಪೆಟ್ಟನ್ನು ಹಂಚಿಕೊಳ್ಳುತ್ತದೆ. “ನನ್ನ ಮಡಿಲಿಗಿಂತ ಭದ್ರವಾ ಅದು?” ಎಂದಳು ಅಜ್ಜಿ. ಹೌದು, ಭದ್ರ. ಐವತ್ತು ಕಿಲೋಮೀಟರ್ ವೇಗದಲ್ಲಿ ಯಾವ ಅಜ್ಜಿಯ ಕೈಯೂ ಹಿಡಿತ ಉಳಿಸಿಕೊಳ್ಳಲಾರದು. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯ ಪ್ರಕಾರ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಬೆಲ್ಟೋ ಇಂಥ ಕುರ್ಚಿಯೋ ಇಲ್ಲದೆ ಕಾರಿನಲ್ಲಿ ಕರೆದೊಯ್ದರೆ 1000 ರೂಪಾಯಿ ದಂಡವೂ ಉಂಟು.

ದೋಣಿಗೆ ಬೇಕಾದದ್ದು ತೇಲುವ ಜಾಕೆಟು. ದೊಡ್ಡವರ ಜಾಕೆಟು ಸಣ್ಣ ಮಗುವಿಗೆ ಹಾಕಿ ಪ್ರಯೋಜನವಿಲ್ಲ. ನೀರಿಗೆ ಬಿದ್ದ ಕೂಡಲೇ ಜಾಕೆಟು ಮೇಲೆ, ಮಗು ಕೆಳಗೆ. ಮಗುವಿನ ತೂಕಕ್ಕೆ ತಕ್ಕದ್ದು, ಕಾಲುಗಳ ನಡುವಿನಿಂದ ಬರುವ ಪಟ್ಟಿ ಇರುವಂಥದ್ದು ತೆಗೆದುಕೊಳ್ಳಬೇಕು. ಗಾಳಿ ತುಂಬಿದ ಬಾತುಕೋಳಿ ರಿಂಗು ಆಟಿಕೆ ಅಷ್ಟೇ, ಅದನ್ನು ನಂಬಬಾರದು. ಮೊಮ್ಮಗಳು ಕಿತ್ತಳೆ ಬಣ್ಣದ ಜಾಕೆಟಿನಲ್ಲಿ ಹಣ್ಣಿನ ಹಾಗೆ ಕೂತಿದ್ದಳು. “ಅಜ್ಜ, ಆಚೆ ಕಡಲು ಉಂಟಲ್ಲ, ಅದು ಹೊಳೆಗೆ ಯಾಕೆ ಬರುವುದಿಲ್ಲ?” ಎಂದು ಕೇಳಿದಳು. ಉಬ್ಬರದಲ್ಲಿ ಬರುತ್ತದೆ ಮಗಾ, ಅಳಿವೆಯಿಂದ ಒಳಗೆ ಬಂದು, ಇಳಿತದಲ್ಲಿ ತಿರುಗಿ ಹೋಗುತ್ತದೆ ಎಂದೆ. ಹೊಳೆಯ ನೀರನ್ನು ಬೆರಳಿಗೆ ಹಚ್ಚಿ ನೆಕ್ಕಿ ಉಪ್ಪುಂಟಾ ನೋಡಲು ಹೊರಟಳು. ಅಜ್ಜಿ ಬಿಡಲಿಲ್ಲ.

ತಂಡೇಲರ ಹಿತ್ತಿಲಲ್ಲಿ ತೆಂಗಿನ ನೆರಳು ತಂಪಾಗಿತ್ತು. ಅಳಿಯ ಅಲ್ಲೇ ಡೇರೆ ಬಿಚ್ಚತೊಡಗಿದ. “ಅಲ್ಲಿ ಬೇಡ ಮಾರಾಯ್ರೆ,” ಎಂದು ತಂಡೇಲರು ಮೇಲೆ ಬೆರಳು ತೋರಿಸಿದರು. ಒಣಗಿದ ಕಾಯಿ, ಒಣ ಮಡಲು ಎರಡೂ ರಾತ್ರಿ ಗಾಳಿಗೆ ಬೀಳುವಂಥವು. ಕಡಲ ಬದಿಯ ಪ್ರತಿಯೊಬ್ಬರಿಗೂ ಗೊತ್ತಿರುವ, ಬೆಂಗಳೂರಿನ ಪಟ್ಟಿಯಲ್ಲಿ ಇಲ್ಲದ ವಿಷಯ ಇದು. ಡೇರೆ ಗಾಳಿಮರದ ಕಡೆಗೆ ಹೋಯಿತು.

ಡೇರೆಯ ಚೀಲದ ಮೇಲೆ ‘ನಾಲ್ಕು ಜನರಿಗೆ’ ಎಂದು ಬರೆದಿದ್ದರೆ ನಾಲ್ಕು ಜನ ಬೆಂಕಿಪೊಟ್ಟಣದ ಕಡ್ಡಿಗಳ ಹಾಗೆ ಮಲಗಬಹುದು ಎಂದು ಅರ್ಥ. ಕೂಸಿದ್ದರೆ ಅದಕ್ಕೇ ಒಂದು ಆಳಿನ ಜಾಗ ಬೇಕು, ಬಟ್ಟೆ ಬದಲಿಸಲು, ಎದೆಹಾಲು ಕೊಡಲು ಇನ್ನೊಂದು. ನಮ್ಮದು ಆರು ಜನರದ್ದು, ಮಲಗಿದ್ದು ಮಗಳು, ಅಳಿಯ, ಎರಡು ಮಕ್ಕಳು. ಅಜ್ಜ ಅಜ್ಜಿಗೆ ತಂಡೇಲರ ಜಗಲಿ.

ಮರಳಲ್ಲಿ ಗೂಟ ನಿಲ್ಲುವುದಿಲ್ಲ. ಅಳಿಯ ಹೊಡೆದ, ಹಗ್ಗ ಎಳೆದ, ಗೂಟ ಕೈಗೆ ಬಂತು. ತಂಡೇಲರು ಅಕ್ಕಿಯ ಹಳೆ ಚೀಲಗಳಿಗೆ ಮರಳು ತುಂಬಿ, ಬಾಯಿ ಕಟ್ಟಿ, ಅದಕ್ಕೆ ಹಗ್ಗ ಬಿಗಿದು ಮೊಣಕಾಲಷ್ಟು ಆಳದ ಗುಂಡಿಯಲ್ಲಿ ಹೂತು ಮೇಲಿನಿಂದ ಮರಳು ತುಳಿದರು. ಆನೆ ಎಳೆದರೂ ಬಾರದು. ಈ ಉಪಾಯಕ್ಕೆ ಖರ್ಚು ಸೊನ್ನೆ. ಹಗ್ಗಗಳಿಗೆ ನಾವು ಬಿಳಿ ಬಟ್ಟೆಯ ಚೂರು ಕಟ್ಟಿದೆವು, ಸಂಜೆಗತ್ತಲಲ್ಲಿ ಓಡುವ ಮಗು ಎಡವಬಾರದೆಂದು. ಬಾಗಿಲು ಯಾವ ಕಡೆ? ಹಗಲು ನೆಲ ಬೇಗ ಕಾಯುತ್ತದೆ, ಗಾಳಿ ಕಡಲಿನಿಂದ ನೆಲಕ್ಕೆ ಬೀಸುತ್ತದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಗಾಳಿ ನೆಲದಿಂದ ಕಡಲಿಗೆ ತಿರುಗುತ್ತದೆ. ಮಕ್ಕಳೇ, ನಿಮ್ಮ ವಿಜ್ಞಾನ ಪುಸ್ತಕದಲ್ಲಿ ಇರುವ ಈ ಪಾಠ ಮೀನುಗಾರರಿಗೆ ಪುಸ್ತಕಕ್ಕೂ ಮುಂಚೆ ಗೊತ್ತು. ಬೆಳಗಿನ ಜಾವದ ಚಳಿಗಾಳಿ ಪೂರ್ವದಿಂದ ಬರುವುದರಿಂದ ಬಾಗಿಲನ್ನು ಉತ್ತರಕ್ಕೆ ಇಟ್ಟೆವು. ಮೇಲಿನ ಗಾಳಿಕಿಂಡಿಗಳನ್ನು ಮಾತ್ರ ಮುಚ್ಚಲಿಲ್ಲ. ಮುಚ್ಚಿದರೆ ನಮ್ಮದೇ ಉಸಿರು ಡೇರೆಯ ಗೋಡೆಗೆ ನೀರಾಗಿ ಕೂತು ಕೂಸಿನ ಮೇಲೆ ತೊಟ್ಟಿಕ್ಕುತ್ತದೆ. ಇನ್ನೊಂದು ಮಾತು, ಹಗಲು ಬಿಸಿಲಿಗೆ ಡೇರೆ ಒಲೆಯಾಗುತ್ತದೆ. ಮಧ್ಯಾಹ್ನ ಅದರೊಳಗೆ ಕೂಸನ್ನು ಮಲಗಿಸಬಾರದು. ನಮ್ಮವನು ಜಗಲಿಯ ಮೂಲೆಯಲ್ಲಿ ಪರದೆಯ ಕೊಡೆಯೊಳಗೆ ಮಲಗಿದ.

ಊಟದ ಪೆಟ್ಟಿಗೆಯಲ್ಲಿ ಸಣ್ಣ ಜಗಳ ನಡೆಯಿತು. ಮಗಳು ಪುಡಿ ಆಹಾರದ ಡಬ್ಬ ತಂದಿದ್ದಳು, ಅಜ್ಜಿ ರಾಗಿ ಮಣ್ಣಿಗೆ ಸಾಮಾನು ಕಟ್ಟಿದ್ದಳು. ರಾಗಿಯನ್ನು ನೆನೆಸಿ, ರುಬ್ಬಿ, ತೆಳು ಬಟ್ಟೆಯಲ್ಲಿ ಹಾಲು ಹಿಂಡಿ, ಆ ಹಾಲನ್ನು ಒಲೆಯ ಮೇಲೆ ಕೈ ಬಿಡದೆ ತಿರುವುವುದೇ ಮಣ್ಣಿ. ಹೊರಗೆ ಹೋಗುವಾಗ ಹಾಲು ಹುಳಿಯುತ್ತದೆಂದು ಅಜ್ಜಿ ಅದನ್ನು ಮೊದಲೇ ಒಣಗಿಸಿ ಪುಡಿ ಮಾಡಿಟ್ಟಿದ್ದಳು. ಬಿಸಿನೀರಿಗೆ ಹಾಕಿ ಐದು ನಿಮಿಷ ಕುದಿಸಿದರಾಯಿತು. ಮನೆಯಲ್ಲಿ ಅಭ್ಯಾಸವಾದದ್ದನ್ನೇ ಹೊರಗೂ ಕೊಡಬೇಕು, ಹೊಸ ಆಹಾರದ ಪರೀಕ್ಷೆ ಡೇರೆಯಲ್ಲಿ ಬೇಡ ಎಂದು ಅಳಿಯ ತೀರ್ಪು ಕೊಟ್ಟ. ಕೂಸಿಗೆ ಅಭ್ಯಾಸ ಇದ್ದದ್ದು ಮಣ್ಣಿಯದೇ, ಅಜ್ಜಿ ಗೆದ್ದಳು. ಜೇನು ನೆಕ್ಕಿಸುವ ವಿಷಯದಲ್ಲಿ ಮಗಳು ಗೆದ್ದಳು. ಒಂದು ವರ್ಷದ ಒಳಗೆ ಜೇನು ಕೂಡದು, ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಕೂಸಿನ ಹೊಟ್ಟೆಯಲ್ಲಿ ವಿಷ ಮಾಡುತ್ತದೆ. ಶೀತಕ್ಕೆಂದು ಕರ್ಪೂರ ಹಾಕಿ ಕಾಯಿಸಿದ ಎಣ್ಣೆಯ ಪುಟ್ಟ ಬಾಟಲಿಯೂ ಅಜ್ಜಿಯ ಚೀಲದಲ್ಲಿತ್ತು. ಎರಡು ವರ್ಷದೊಳಗಿನ ಮಕ್ಕಳಿಗೆ ಕರ್ಪೂರ ಅಪಾಯ ಎಂದು ವೈದ್ಯರೇ ಹೇಳಿದ ಮೇಲೆ ಅದು ಅಜ್ಜನ ಮೊಣಕಾಲಿಗೆ ಬಂತು. ನನಗೇನೂ ತಕರಾರಿಲ್ಲ.

ಔಷಧದ ಡಬ್ಬದಲ್ಲಿ ಜ್ವರ ನೋಡುವ ಥರ್ಮಾಮೀಟರ್, ಕೂಸಿನ ತೂಕಕ್ಕೆ ಎಷ್ಟು ಹನಿ ಎಂದು ವೈದ್ಯರು ಬರೆದುಕೊಟ್ಟ ಪ್ಯಾರಾಸಿಟಮಾಲ್, ಹತ್ತಿ, ಬ್ಯಾಂಡೇಜು, ನಾಲ್ಕು ಪೊಟ್ಟಣ ಓಆರ್‌ಎಸ್. ಈ ಪೊಟ್ಟಣದ ಬಗ್ಗೆ ಶಾಲೆಯ ಮಕ್ಕಳಿಗೆ ಒಂದು ಕಥೆ ಹೇಳಲೇಬೇಕು, ಏಕೆಂದರೆ ಅದು ದೊಡ್ಡದಾಗಿ ಗೆದ್ದದ್ದು ಡೇರೆಗಳ ನಡುವೆಯೇ. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿ ಬಂದ ಲಕ್ಷಾಂತರ ಜನ ಪಶ್ಚಿಮ ಬಂಗಾಳದ ಶಿಬಿರಗಳಲ್ಲಿದ್ದರು. ಬನಗಾಂವ್‌ನಲ್ಲಿ ಕಾಲರಾ ಹರಡಿತು. ರಕ್ತನಾಳಕ್ಕೆ ಕೊಡುವ ದ್ರವ ಮುಗಿಯುತ್ತ ಬಂತು. ಅಲ್ಲಿದ್ದ ಡಾ. ದಿಲೀಪ್ ಮಹಲನಬಿಸ್ ಸಕ್ಕರೆ ಅಂಶ, ಉಪ್ಪು, ಸೋಡ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಅಮ್ಮ, ಅಕ್ಕ, ಅಜ್ಜಿಯರ ಕೈಯಿಂದಲೇ ಲೋಟದಲ್ಲಿ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಅವರು 2022ರಲ್ಲಿ ತೀರಿಕೊಂಡರು, ಮರುವರ್ಷ ಸರ್ಕಾರ ಪದ್ಮವಿಭೂಷಣ ಕೊಟ್ಟಿತು. ಪೊಟ್ಟಣದ ಮೇಲೆ ಎಷ್ಟು ನೀರಿಗೆ ಎಂದು ಬರೆದಿದೆಯೋ ಅಷ್ಟಕ್ಕೇ ಹಾಕಬೇಕು, ಅಂದಾಜಿಗೆ ಹಾಕಬಾರದು. ಪೊಟ್ಟಣ ಇಲ್ಲವಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕುದಿಸಿದ ನೀರು ನಾವು ಮನೆಯಿಂದಲೇ ಹತ್ತು ಲೀಟರ್ ಒಯ್ದಿದ್ದೆವು. ದೊಡ್ಡವರಿಗೆ ತಂಡೇಲರು ಬೊಂಡ ಕೆತ್ತಿಸಿದರು.

ಸಂಜೆ ಕಡಲಿಗೆ ಹೋದೆವು. ಬೆಂಗ್ರೆಯ ಕಡಲು ನೋಡುವುದಕ್ಕೆ, ಈಜುವುದಕ್ಕಲ್ಲ. ಅಳಿವೆಯ ಸೆಳೆತ ಹತ್ತಿರ ಇದೆ. ಸಣ್ಣ ಮಕ್ಕಳು ಮೊಣಕಾಲು ನೀರಿನಲ್ಲೂ ಸದ್ದಿಲ್ಲದೆ ಮುಳುಗುತ್ತಾರೆ. ಹಾಗಾಗಿ ಒಬ್ಬೊಬ್ಬ ಮಗುವಿಗೆ ಒಬ್ಬೊಬ್ಬ ಕಾವಲುಗಾರ, ಕೈ ಚಾಚಿದರೆ ಸಿಗುವಷ್ಟೇ ದೂರ, ಕಾವಲುಗಾರನ ಕೈಯಲ್ಲಿ ಮೊಬೈಲು ಇಲ್ಲ. ಮೊಮ್ಮಗಳು ಏಡಿಯ ಗೂಡು ಅಗೆಯುತ್ತ, ಅದು ಬರಲಿಲ್ಲವೆಂದು ಬೇಸರ ಮಾಡಿಕೊಂಡು, ಬಂದಾಗ ಕಿರುಚಿ ಓಡಿದಳು. ಕತ್ತಲಾದ ಮೇಲೆ ಪಣಂಬೂರು ಬಂದರಿಗೆ ಕಾಯುತ್ತ ನಿಂತ ಹಡಗುಗಳ ದೀಪ ಸಾಲಾಗಿ ಕಂಡವು. ಅವಳಿಗೂ ಒಂದು ಪುಟ್ಟ ಟಾರ್ಚು ಕೊಟ್ಟಿದ್ದೆ. ಸ್ವಂತ ಟಾರ್ಚು ಇದ್ದ ಮಗು ಕತ್ತಲಿಗೆ ಹೆದರುವುದಿಲ್ಲ, ಇದು ನನ್ನ ಅನುಭವ. ಕಡಲತೀರದಲ್ಲಿ ಮಾತ್ರ ಟಾರ್ಚು ಆರಿಸಿಟ್ಟೆವು. ಈ ಕರಾವಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ, 2024ರಲ್ಲಿ ಸಸಿಹಿತ್ಲಿನಲ್ಲಿ ಗೂಡು ಸಿಕ್ಕಿತ್ತು. ಬೆಳಕು ಕಂಡರೆ ಅವು ದಾರಿ ತಪ್ಪುತ್ತವೆ.

ರಾತ್ರಿ ಹನ್ನೊಂದಕ್ಕೆ ಕೂಸು ಎದ್ದು ಅತ್ತಿತು. ಜಗಲಿಯಲ್ಲಿ ನಾವಿಬ್ಬರೂ ಎದ್ದು ಕೂತೆವು. ಅಳು ನಿಲ್ಲಲಿಲ್ಲ. ಅಳಿಯ ಕಾರಿನ ಕೀಲಿಕೈ ಹಿಡಿದುಕೊಂಡು ಹೊರಗೆ ಬಂದ. ಹೆಂಡತಿ ಡೇರೆಯೊಳಗೆ ಹೋಗಿ ಹಣೆ ಮುಟ್ಟಿದಳು, ಥರ್ಮಾಮೀಟರ್ ಇಟ್ಟರು, ಜ್ವರ ಇಲ್ಲ. ಕುತ್ತಿಗೆಯ ಹಿಂದೆ ಕೈ ಇಟ್ಟು ನೋಡಿದಳು, ಬೆವರು! ಚಳಿಯಾಗುತ್ತದೆಂದು ಮೂರು ಅಂಗಿ, ಕಾಲುಚೀಲ, ಉಲ್ಲನ್ ಟೊಪ್ಪಿ ತೊಡಿಸಿದ್ದರು. ಮಂಗಳೂರಿನ ಡಿಸೆಂಬರ್ ಅಷ್ಟು ಚಳಿಯಲ್ಲ. ದೊಡ್ಡವರು ತೊಟ್ಟದ್ದಕ್ಕಿಂತ ಒಂದು ಪದರ ಹೆಚ್ಚು ಸಾಕು. ಟೊಪ್ಪಿ, ಎರಡು ಅಂಗಿ ತೆಗೆದು, ಸೀರೆಯ ಮೇಲೆ ಮಲಗಿಸಿದ ಐದು ನಿಮಿಷಕ್ಕೆ ನಿದ್ದೆ. ಕೀಲಿಕೈ ಮಾತ್ರ ಅಳಿಯನ ಕೈಯಲ್ಲೇ ಇತ್ತು, ಬೆಳಗಿನವರೆಗೂ. ನಾನೂ ಮಲಗಲಿಲ್ಲ. ಪರದೆಯ ಝಿಪ್ಪು ಹಾಕಿದ್ದಾರೋ ಎಂದು ಎರಡು ಸಲ ಎದ್ದು ಹೋಗಿ ನೋಡಿ ಬಂದೆ. ಎರಡನೆಯ ಸಲ ಮಗಳು ಒಳಗಿನಿಂದಲೇ, “ಹಾಕಿದೆ ಅಪ್ಪ, ಮಲಗಿ” ಎಂದಳು. ಅಮ್ಮನ ಮುಂಡಿನ ಗೂಡಿನ ವಿಷಯ ಅವಳಿಗೆ ಗೊತ್ತು.

ಬೆಳಗ್ಗೆ ಮೊಮ್ಮಗಳು ಎದ್ದವಳೇ, “ಅಜ್ಜ, ಇವತ್ತೂ ಇಲ್ಲೇ ಮಲಗುದಾ?” ಎಂದಳು. ಬಳಸಿದ ಡಯಾಪರುಗಳನ್ನು ಎರಡು ಚೀಲದಲ್ಲಿ ಕಟ್ಟಿ ನಮ್ಮ ಕಾರಿನಲ್ಲೇ ತಂದೆವು, ಮರಳಲ್ಲಿ ಹೂಳಲಿಲ್ಲ. ಒಯ್ದ ಹನ್ನೊಂದು ಸಾಮಾನಿನಲ್ಲಿ ಒಂಬತ್ತು ಕೆಲಸಕ್ಕೆ ಬಂದವು. ಎರಡನೆಯ ಸೊಳ್ಳೆಪರದೆ ಮತ್ತು ಓಆರ್‌ಎಸ್ ಪೊಟ್ಟಣ ಬಿಚ್ಚಲೇ ಇಲ್ಲ. ಮುಂದಿನ ಸಲವೂ ಅವೆರಡು ಚೀಲದಲ್ಲಿ ಇರುತ್ತವೆ.

ಕಡಲಬದಿಗೆ ಡೇರೆ ಒಯ್ದವರು ಮನೆಗೆ ಬಂದ ದಿನವೇ ಒಂದು ಕೆಲಸ ಮಾಡಬೇಕು. ಉಪ್ಪುಗಾಳಿ ಬಟ್ಟೆಗೂ ಕೊಂಡಿಗೂ ಶತ್ರು. ಡೇರೆಯನ್ನು ಮಗುಚಿ ಮರಳು ಕೊಡವಿ, ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ ಮಡಚಬೇಕು. ಒದ್ದೆ ಇದ್ದರೆ ಮಂಗಳೂರಿನ ಹವೆಗೆ ವಾರದೊಳಗೆ ಬೂಸ್ಟು. ಝಿಪ್ಪಿನ ಹಲ್ಲುಗಳಲ್ಲಿ ಸಿಕ್ಕಿದ ಮರಳನ್ನು ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆದು, ಮೇಣದ ಬತ್ತಿಯ ತುಂಡನ್ನು ಎರಡು ಸಲ ಉಜ್ಜಿದರೆ ಬೆಣ್ಣೆಯ ಹಾಗೆ ಜಾರುತ್ತದೆ. ನಮ್ಮ ಡೇರೆಯ ಬ್ರಶ್ಶಿನ ಕೆಲಸ ಮೊಮ್ಮಗಳದ್ದು. ತಾರಸಿಯಲ್ಲಿ ಕೂತು ಒಂದೊಂದು ಹಲ್ಲನ್ನೂ ಉಜ್ಜಿದಳು.